ಗ್ಯಾನಮ್ಮ ಹೇಳಿದ ‘ನಾಳೆ’

“ಮಂಡೇ, ಟ್ವೆಲ್ವ್ ಟ್ವೆಂಟಿ ಏಎಮ್,” ಅಂದಿತು ಫೋನಿನೊಳಗಿನ ಇಂಗ್ಲಿಷ್ ಹೆಂಗಸಿನ ದನಿ. ಅದರ ಹಿಂದೆಯೇ ಬಂದದ್ದು ಗ್ಯಾನಮ್ಮನ ದನಿ.

“ಹಲೋ... ಕೇಳಾಕತ್ತೀರೇನ್ರಿ? ನಾಳೆ ಮಧ್ಯಾಹ್ನ ಲಿಂಗಸುಗೂರಿನವರು ನನ್ನ ಲಗ್ನಕ್ಕ ಎಲಿ-ಅಡಿಕಿ ಹಿಡಿಯಾಕ ಬರ್ತಾರ. ನಮ್ಮಪ್ಪ ಹೂಂ ಅಂದುಬಿಟ್ಟಾನ. ಯಾರಾದ್ರೂ ಇದನ್ನ ಕೇಳಿದ್ರ... ಅವರಿಗೆ ಹೇಳ್ರಿ. ಬರೋದಿದ್ರ ಅದಕ್ಕಿಂತ ಮೊದಲ ಬರ್ರಿ ಅಂತ ಹೇಳ್ರಿ.”

ಕುಂಯ್ ಅಂತ ಸದ್ದಾಯಿತು. ಮಾತು ಮುಗಿಯಿತು.

ವೆಂಕೋಬ ಟ್ರ್ಯಾಕ್ಟರ್ ರಿಪೇರಿಯ ಸಾಮಾನು ತರಲು ಹೈದರಾಬಾದಿಗೆ ಹೋಗಿ ಮೂರು ದಿನ ಬಿಟ್ಟು ಈಗಷ್ಟೇ ಸಿಂಧನೂರಿನ ಮನೆಗೆ ಕಾಲಿಟ್ಟಿದ್ದ. ಹೆಗಲ ಮೇಲಿನ ಚೀಲ ಇನ್ನೂ ಇಳಿಸಿರಲಿಲ್ಲ. ಇವತ್ತು ಗುರುವಾರ. ನಾಳೆ ಅಂದರೆ ಯಾವ ನಾಳೆ?

ಆ ‘ಮಂಡೇ’ಯನ್ನು ನಂಬುವ ಹಾಗಿರಲಿಲ್ಲ. ಗೆಳೆಯ ಹಸನ್‌ಸಾಬ್ ದುಬೈಯಿಂದ ತಂದುಕೊಟ್ಟ ಕಾರ್ಡ್‌ಲೆಸ್ ಫೋನು ಅದು. ಯಾರೂ ಎತ್ತದಿದ್ದರೆ ತಾನೇ ಎತ್ತಿ, ವೆಂಕೋಬನ ದನಿಯಲ್ಲಿ ಮಾತಾಡಿಸಿ, ಕರೆದವರ ಮಾತು ಹಿಡಿದಿಡುತ್ತಿತ್ತು. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಅದರ ಗಡಿಯಾರ ಸೋಮವಾರ ನಡುರಾತ್ರಿಯಿಂದ ಹೊಸದಾಗಿ ಶುರು. ಸಿಂಧನೂರಿನ ಕರೆಂಟೋ, ದಿನಕ್ಕೆ ಹತ್ತು ಸಲ ಹೋಗುತ್ತಿತ್ತು! ಗ್ಯಾನಮ್ಮ ಮಂಗಳವಾರ ಹೇಳಿದ್ದರೆ ಎಲ್ಲ ನಿನ್ನೆಯೇ ಮುಗಿದಿತ್ತು. ನಿನ್ನೆ ಹೇಳಿದ್ದರೆ ಇನ್ನೂ ಎರಡು ತಾಸು ಉಳಿದಿತ್ತು.

ಅವಳು ಬಳಗಾನೂರಿನ ಎಸ್‌ಟಿಡಿ ಬೂತಿನಲ್ಲಿ ಕೂಡುವ ಹುಡುಗಿ. ಎಂಟು ತಿಂಗಳ ಹಿಂದೆ ಇವನು ಅಲ್ಲಿಂದ ಮನೆಗೆ ಫೋನ್ ಹಚ್ಚಿಸಿದ್ದ. ಆ ಕಡೆ ಇವನದೇ ದನಿ ಕೇಳಿ ಗ್ಯಾನಮ್ಮ ಬೆರಗಾಗಿದ್ದಳು.

“ಅಯ್ಯ! ನೀವು ಇಲ್ಲೂ ನಿಂತೀರಿ, ಅಲ್ಲೂ ಮಾತಾಡಾಕತ್ತೀರಿ. ಇಬ್ಬರದೀರೇನ್ರಿ?”

ಪೆನ್ನಿನ ಟೋಪಿ ಕಚ್ಚಿಕೊಂಡು, ಓರೆಗಣ್ಣಿನಲ್ಲಿ ನೋಡಿ, ನಗು ತಡೆದುಕೊಂಡಿದ್ದಳು. ಆ ತಡೆದ ನಗುವಿಗೇ ಇವನು ಬಿದ್ದುಹೋದ. ಅಂದಿನಿಂದ ವಾರಕ್ಕೊಮ್ಮೆ ಬಳಗಾನೂರಿನಲ್ಲಿ ಯಾವನದಾದರೂ ಟ್ರ್ಯಾಕ್ಟರ್ ಕೆಡಲೇಬೇಕಿತ್ತು. ಹೋಗುವುದೇನೋ ಹೋಗುತ್ತಿದ್ದ, ಮನಸ್ಸಿನ ಮಾತು ಮಾತ್ರ ಗಂಟಲಲ್ಲೇ. ಹೋದ ವಾರ ಅವಳೇ ಚುಚ್ಚಿದ್ದಳು: “ನಿಮ್ಮ ಮಷೀನಿಗಿರೋ ಧೈರ್ಯ ನಿಮಗಿಲ್ಲ ನೋಡ್ರಿ. ಅದಾದ್ರೂ ಮಾತಾಡತೈತಿ.”

ಬೂತಿನ ನಂಬರು ಒತ್ತಿದ. ಎತ್ತಿದ್ದು ಅವಳ ಅಪ್ಪ ಗದ್ದೆಪ್ಪ.

“ಗ್ಯಾನಮ್ಮ ಅವರು... ಅದಾರೇನ್ರಿ?”

“ಆಕಿ ಇನ್ನ ಬೂತಿಗೆ ಬರಂಗಿಲ್ಲ.” ಪಟ್ಟನೆ ಇಟ್ಟುಬಿಟ್ಟ.

ಅವ್ವ ಹೊನ್ನೂರಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಮಗ ಹೋಗಿ ಎದುರು ಕುಕ್ಕರಿಸಿದ.

“ಅವ್ವಾ, ಈ ಮಾತು ಯಾವತ್ತು ಬಂತು?”

“ನಿನ್ನ ಡಬ್ಬಿ ಸುದ್ದಿ ನನಗೇನು ಗೊತ್ತು?”

“ಅದು ಮಾತು ಹಿಡಿಯೋವಾಗ ಮನಿಗೆಲ್ಲ ಕೇಳತೈತಿ. ನೀ ಇಲ್ಲೇ ಇದ್ದಿ.”

ಹೊನ್ನೂರಮ್ಮ ತಲೆ ಎತ್ತಲಿಲ್ಲ. “ಬೂತಿನ್ಯಾಗ ಕುಂತು ಊರ ಗಂಡಸರ ಜೋಡಿ ಮಾತಾಡೋಳು ನಮ್ಮ ಮನಿಗೆ ಬ್ಯಾಡ. ಹೋಗ್ಲಿ ಬಿಡು.”

ವೆಂಕೋಬನಿಗೆ ಸಿಟ್ಟೂ ಬಂತು, ಅಳುವೂ ಬಂತು. “ಆಕಿ ಹೋದ್ರ ನಾ ಸಾಯಂಗಿಲ್ಲಬೇ. ದುಡಿತೀನಿ, ಉಣ್ತೀನಿ. ಆದ್ರ ಇನ್ನೊಮ್ಮೆ ನಗಂಗಿಲ್ಲ ನೋಡು.”

ಕಲ್ಲು ಆರಿಸುವ ಕೈ ನಿಂತಿತು. “ಇನ್ನೊಮ್ಮೆ ಹಚ್ಚು ಅದನ್ನ,” ಅಂದಳು.

ಹಚ್ಚಿದ. ಕಣ್ಣು ಮುಚ್ಚಿ ಕೇಳಿದಳು.

“ನಿನ್ನ ಹೆಸರು ಹೇಳಿಲ್ಲ ಆಕಿ.”

“ಗಡಿಬಿಡ್ಯಾಗ ಮರ್ತಿರಬೇಕು.”

“ಮರ್ತಿಲ್ಲಲೇ ಹುಚ್ಚಾ! ನಿಮ್ಮಪ್ಪನ ಹೆಸರು ನಾ ಇವತ್ತಿಗೂ ಬಾಯಿಲೆ ಹೇಳಿಲ್ಲ. ಆಕಿನೂ ‘ಅವರಿಗೆ’ ಅಂದಾಳ. ಮನಸಿನ್ಯಾಗ ನಿನ್ನ ಗಂಡ ಅಂತ ಹಿಡದು ಎಷ್ಟು ದಿನ ಆತೋ ಏನೋ.” ಮೊರ ಬದಿಗೆ ಸರಿಸಿ ಎದ್ದಳು. “ನಿನ್ನೆ ಬಂದಿತ್ತು, ದೀಪ ಹಚ್ಚೋ ಹೊತ್ತಿಗೆ. ಎತ್ತಬೇಕಿತ್ತು ನಾನು, ಎತ್ತಲಿಲ್ಲ. ತಪ್ಪಾತು. ಗಾಡಿ ತಗಿ. ಹೆಣ್ಣು ಕೇಳಾಕ ಹಿರ್ಯಾರು ಬೇಕು, ನೀ ಒಬ್ಬನೇ ಹೋಗಿ ಏನು ಹೇಳ್ತಿ?”

ಕಾಲುವೆ ದಂಡೆಯ ರಸ್ತೆಯಲ್ಲಿ ಬೈಕು ಹಾರಿತು. ಹುಲ್ಲು ಹೇರಿದ ಟ್ರ್ಯಾಕ್ಟರೊಂದು ದಾರಿ ಬಿಡದೆ ಪ್ರಾಣ ಹಿಂಡಿತು. ಹಿಂದೆ ಕೂತ ಹೊನ್ನೂರಮ್ಮ, ಜೀವಮಾನದಲ್ಲಿ ಗಾಡಿ ಹತ್ತದವಳು, “ಜೋರ್ ಹೊಡಿಯಲೇ!” ಅನ್ನುತ್ತಿದ್ದಳು.

ಗದ್ದೆಪ್ಪನ ಮನೆಯ ಮುಂದೆ ಜೀಪು ನಿಂತಿತ್ತು. ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ಲಿಂಗಸುಗೂರಿನ ಮುದುಕರು ಎಲೆ-ಅಡಿಕೆ ಹಿಡಿದು ಕೈ ಚಾಚಿದ್ದರು. ಗದ್ದೆಪ್ಪ ಕೈ ಒಡ್ಡುವುದರಲ್ಲಿದ್ದ.

“ಅಣ್ಣಾ, ಚೂರು ತಡೀರಿ!” ಹೊನ್ನೂರಮ್ಮ ಸೆರಗು ಸರಿಮಾಡಿಕೊಂಡು ಒಳಬಂದಳು. “ನಿಮ್ಮ ಮಗಳನ್ನ ನಮ್ಮ ಮನಿಗೆ ಕೇಳಾಕ ಬಂದೀವಿ.”

ಗದ್ದೆಪ್ಪನ ಮುಖ ಕೆಂಪೇರಿತು. “ಯಾರು ಕರದಾರ ನಿಮ್ಮನ್ನ?”

ಈಗ ವೆಂಕೋಬನೇ ಬಾಯಿ ಬಿಡಬೇಕಿತ್ತು. ಬಿಟ್ಟ, ಪುಣ್ಯಾತ್ಮ. “ಯಾರೂ ಕರೀದಿದ್ರೂ ನಾ ಬರಬೇಕಿತ್ತರಿ. ಎಂಟು ತಿಂಗಳಾತು, ಆಕಿ ಅಂದ್ರ ಜೀವ ನನಗ. ಹೇಳಾಕ ಹೆದರಿದ್ದೆ.”

ಬಾಗಿಲ ಪರದೆ ಸರಿಯಿತು. ಹೊಸ ಸೀರೆಯುಟ್ಟ ಗ್ಯಾನಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ತುಟಿ ಬಿಳಿಚಿಕೊಂಡಿತ್ತು. ಮಾತು ಮಾತ್ರ ನೆಟ್ಟಗಿತ್ತು.

“ಅಪ್ಪಾ, ಅವರನ್ನ ಕರದವಳು ನಾನೇ.”

ಲಿಂಗಸುಗೂರಿನ ಮುದುಕರು ಚಾಚಿದ ಕೈಯನ್ನು ಹಿಂದಕ್ಕೆಳೆದು, ಎಲೆ-ಅಡಿಕೆಯನ್ನು ತಾಟಿನಲ್ಲಿಟ್ಟರು. “ಹುಡುಗಿ ಬಾಯಿಬಿಟ್ಟು ಹೇಳಿದ ಮ್ಯಾಲ ನಮಗೇನು ಕೆಲಸ ಇಲ್ಲಿ, ಗದ್ದೆಪ್ಪ?” ಅಂದು ಎದ್ದರು. ಜೀಪು ವಾಪಸ್ ಮಸ್ಕಿಯ ದಾರಿ ಹಿಡಿಯಿತು.

ಗದ್ದೆಪ್ಪ ಕಂಬಕ್ಕೊರಗಿ ಕೂತವನು ಕೂತೇ ಇದ್ದ. ಮಗಳು ಕಾಲ ಬಳಿ ಬಂದು ಕೂತಳು. ಅವನು ಅವಳ ತಲೆ ಮುಟ್ಟಲಿಲ್ಲ, ದೂರವೂ ತಳ್ಳಲಿಲ್ಲ. ಕೊನೆಗೆ ಒಡೆದ ದನಿಯಲ್ಲಿ ಅಂದ:

“ಅಡಿಗಿ ಆಗೇತಿ. ಬಂದವರಿಗೆ ಬಡಸು.”

ಗ್ಯಾನಮ್ಮ ವೆಂಕೋಬನ ಮುಂದೆ ತಾಟಿಟ್ಟಳು. ಬಾಗಿ ಹೋಳಿಗೆ ಬಡಿಸಿದಳು.

“ನಾ ಬರಂಗಿಲ್ಲ ಅಂದ್ಕೊಂಡಿದ್ದಿಯೇನು?” ಪಿಸುಗುಟ್ಟಿದ ಅವನು.

“ಹೂಂರಿ, ಅಂದ್ಕೊಂಡಿದ್ದೆ,” ಅಂದಳು. ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಆಗ ಹರಿಯಿತು.