ಎಣ್ಣೆಗೆ ಮೊದಲು ಇಳಿದ ಕೈ

2025ರ ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಬೈಂದೂರು ಠಾಣೆಯ ಮೆಟ್ಟಿಲು ಹತ್ತಿದ ಬಿಜೂರಿನ ರತ್ನ ದೂರು ಕೊಡಲು ಬಂದಿದ್ದಾಳೋ ಜಗಳಕ್ಕೆ ಬಂದಿದ್ದಾಳೋ ಎಂದು ಪಹರೆಯವನಿಗೆ ಗೊತ್ತಾಗಲಿಲ್ಲ. ಅವಳ ಹಿಂದೆ ಗಂಡ ಗಿರಿಯ, ಪಟ್ಟಿ ಕಟ್ಟಿದ ಬಲಗೈಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು, ಬೇಡ ಬೇಡ ಅನ್ನುತ್ತಲೇ ಬರುತ್ತಿದ್ದ.

“ಇವ್ರ್ ಕೈ ಯಾರೋ ಎಣ್ಣಿಗ್ ಅದ್ದಿರ್ ಮೇಡಂ. ಬಾಯಿ ಬಿಡ್ತಿಲ್ಲ. ನೀವಾರೂ ಬಿಡ್ಸಿ” ಎಂದು ರತ್ನ ಮೊಬೈಲನ್ನು ಮೇಜಿನ ಮೇಲಿಟ್ಟಳು.

ಪಟ್ಟಿ ಕಟ್ಟುವ ಮೊದಲು ತೆಗೆದ ಫೋಟೋ ಅದು. ಪಿಎಸ್‌ಐ ಕುಸುಮಾವತಿ ಅದನ್ನು ದೊಡ್ಡದು ಮಾಡಿ ನೋಡಿದರು. ಬೆರಳಿನಿಂದ ಮಣಿಕಟ್ಟಿನವರೆಗೆ ಚರ್ಮವೇ ಇಲ್ಲ. ಮಣಿಕಟ್ಟಿನಲ್ಲಿ ಬಳೆ ತೊಡಿಸಿದ ಹಾಗೆ ಒಂದು ಗೆರೆ. ಅದರ ಮೇಲೆ ಒಂದು ಬೊಕ್ಕೆಯೂ ಇಲ್ಲ. ಎಣ್ಣೆ ಚೆಲ್ಲಿದರೆ ಹೀಗೆ ಸುಡುವುದಿಲ್ಲ ಎಂದು ಒಲೆ ಮುಂದೆ ನಿಂತ ಯಾರಿಗಾದರೂ ಗೊತ್ತು.

“ಹೆಂಗಾಯ್ತ್?”

“ಚೆಲ್ತ್.”

“ಎಲ್ಲಿ?”

“ಒಂದ್ ಮದಿ ಮನ್ಯಗೆ. ಅಡ್ಗಿಗ್ ಹೋದಲ್ಲ್.”

“ಯಾರ್ ಮದಿ?”

ಮದುವೆ ಯಾರದೆಂಬ ಪ್ರಶ್ನೆಗೆ ಗಿರಿಯ ನೆಲ ನೋಡಿದ. ಅರವತ್ತರ ಹತ್ತಿರದ ಮನುಷ್ಯ, ಶಾಲೆಯಲ್ಲಿ ಸಿಕ್ಕಿಬಿದ್ದವನ ಹಾಗೆ ಬೆವರುತ್ತಿದ್ದ. ಯಾರು ಮಾಡಿದ್ದು ಎಂದು ನಾಲ್ಕು ಬಗೆಯಲ್ಲಿ ಕೇಳಿದರೂ ‘ಚೆಲ್ತ್’ ಎಂಬುದೊಂದೇ ಮಾತು. ರತ್ನಳ ಹೇಳಿಕೆಯ ಮೇಲೆ, ಅಪರಿಚಿತ ಆರೋಪಿಯ ವಿರುದ್ಧ, ಭಾರತೀಯ ನ್ಯಾಯ ಸಂಹಿತೆ ಕಲಂ 118(2)ರ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಗಾಯಾಳುವೇ ಬೇಡ ಅನ್ನುವ ಪ್ರಕರಣ. ಪೊಲೀಸರಿಗೆ ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿಲ್ಲ.

ಗಂಡ ಹೆಂಡತಿ ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್ ಬಚ್ಚ ಬಾಗಿಲು ಅರ್ಧ ಹಾಕಿ ಬಂದರು. ನಿವೃತ್ತಿಗೆ ಹತ್ತಿರ ಬಂದವರು, ಯಡ್ತರೆಯವರು.

“ಅವಂಗ್ ನೋವಲ್ಲ ಮೇಡಂ, ನಾಚ್ಕಿ. ಎಣ್ಣಿಗ್ ಕೈ ಸುಟ್ಟಿತ್ ಅಂದ್ರೆ ಈ ಬದಿ ಹಳಬ್ರ್ ಎಂತ ತಿಳ್ಕಂತ್ರ್ ಗೊತ್ತಿತ್ತಾ? ಕಳ್ಳ ಅಂದೇಳಿ.”

ಹಿಂದೆ ಒಂದೆರಡು ದೊಡ್ಡ ಮನೆಗಳಲ್ಲಿ ಆ ಕ್ರಮವಿತ್ತಂತೆ. ಮನೆಯಲ್ಲಿ ಏನಾದರೂ ಕಳೆದರೆ ಆಳುಗಳನ್ನು ಅಂಗಳದಲ್ಲಿ ನಿಲ್ಲಿಸಿ, ಕಂಚಿನ ಉರುಳಿಯಲ್ಲಿ ತೆಂಗಿನೆಣ್ಣೆ ಕಾಯಿಸಿ, ಅದಕ್ಕೊಂದು ಪಾವಲಿ, ನಾಲ್ಕಾಣೆಯ ನಾಣ್ಯ, ಹಾಕುವುದು. ಸತ್ಯವಂತರು ಬರಿಗೈಯಲ್ಲಿ ಪಾವಲಿ ತೆಗೆಯಬೇಕು. ಸುಟ್ಟರೆ ಕಳ್ಳ.

“ಸುಡದೆ ಇಪ್ಪುದ್ ಯಾರ್ ಕೈ ಬಚ್ಚಣ್ಣ?”

“ಅದೇ ಮತ್ತೆ. ಯಾರೂ ಅದ್ದುದಿಲ್ಲ. ಹೊಗಿ ಕಂಡದ್ದೇ ಕದ್ದವ್ರ್ ಒಪ್ಕಂತ್ರ್. ಇಲ್ದಿದ್ರೆ ಯಜಮಾನ್ರೇ ಸಾಕ್ ಬಿಡಿ ಅಂಬ್ರ್. ಹೆದ್ರಿಸು ಆಟ ಅಷ್ಟೇ.”

ಅಂದು ಮಧ್ಯಾಹ್ನ ಕುಂದಾಪುರದಲ್ಲಿ ಗಿರಿಯನ ಕೈಗೆ ಮದ್ದು ಮಾಡಿದ ವೈದ್ಯರು ಇನ್ನೊಂದು ಮಾತು ಹೇಳಿದರು. ಇಂಥದ್ದೇ ಬಳೆಗೆರೆಯ ಕೈ ಎರಡು ವಾರದ ಹಿಂದೆ ಬಂದಿತ್ತು. ತೆಕ್ಕಟ್ಟೆಯ ಹೋಟೆಲ್ ಮಾಲೀಕ ರಾಮದಾಸನದು.

ರಾಮದಾಸ ಎಡಗೈಯಲ್ಲಿ ಗಲ್ಲಾ ನೋಡುತ್ತಿದ್ದ. ಹೋಟೆಲ್ ಅಂದ ಮೇಲೆ ಎಣ್ಣೆ ಸಿಡಿಯುತ್ತದೆ ಎಂದು ನಕ್ಕ. ಆ ನಗು ಕಿಸೆಯಿಂದ ತೆಗೆದು ಮುಖಕ್ಕೆ ಅಂಟಿಸಿದ್ದು ಎಂದು ಯಾರಿಗೂ ಗೊತ್ತಾಗುವಂತಿತ್ತು. ಗಲ್ಲಾದ ಪಕ್ಕ ಗೋಡೆಯ ಕಟ್ಟೆಯ ಮೇಲೆ ದೊಡ್ಡ ದುಂಡನೆಯ ಕಲೆಯಿತ್ತು, ಬಹಳ ಕಾಲ ಅಲ್ಲೊಂದು ಪಾತ್ರೆ ಇಟ್ಟ ಹಾಗೆ.

“ಇಲ್ಲಿ ಎಂತ ಇತ್ತ್?”

“ಹೂ ಇಡು ಉರುಳಿ. ಬಿಜೂರ್ ಮನಿದ್. ಕಳ್ರ್ ಹೊತ್ಕಂಡ್ ಹೋದ್ರ್.”

“ಕಂಪ್ಲೇಂಟ್ ಕೊಡ್ಲಿಲ್ಲ?”

“ಹಳೀದ್ ಬಿಡಿ.”

ಕಾನ್‌ಸ್ಟೆಬಲ್ ಮನೀಶ್ ಸಿಸಿಟಿವಿ ದೃಶ್ಯಗಳನ್ನು ವಶಕ್ಕೆ ತೆಗೆದುಕೊಂಡು, ಪಂಚರ ಮುಂದೆ ನೋಡುತ್ತ ಕುಳಿತ. ಸ್ವಲ್ಪ ಹೊತ್ತಿಗೆ “ಮೇಡಂ” ಎಂದ. ಪರದೆಯನ್ನು ಅವರ ಕಡೆ ತಿರುಗಿಸಿದ.

ಎರಡು ವಾರದ ಹಿಂದಿನ ಸಂಜೆ. ಬಿಳಿ ಅಂಗಿಯ, ನಲವತ್ತು ದಾಟಿದ ಗಂಡಸು ಗೋಳಿಬಜೆ ಕರಿಯುವ ಬಾಣಲೆಯ ಹತ್ತಿರ ಬರುತ್ತಾನೆ. ಜಾಲರಿ ಸೌಟು ಪಕ್ಕದಲ್ಲೇ ಇದೆ. ಅವನು ಅಂಗಿಯ ತೋಳು ಮಡಚಿ, ಕುದಿಯುವ ಎಣ್ಣೆಗೆ ಬರಿಗೈ ಹಾಕಿ, ಒಂದು ಗೋಳಿಬಜೆ ಹೆಕ್ಕಿ ತಿನ್ನುತ್ತಾನೆ. ಕರಿಯುವವನು ಓಡಿಹೋಗುತ್ತಾನೆ. ಗಲ್ಲಾದಲ್ಲಿದ್ದ ರಾಮದಾಸ ಎದ್ದು ನಿಂತವನು ಹಾಗೆಯೇ ಕುಸಿದು ಕೂರುತ್ತಾನೆ. ಗುರುತು ಸಿಕ್ಕಿದವರು ಹಾಗೆ ಕುಸಿಯುತ್ತಾರೆ. ಹೊರಡುವಾಗ ಬಿಳಿ ಅಂಗಿಯವನು ಉರುಳಿ ಹೊತ್ತು, ರಾಮದಾಸನನ್ನೂ ಕಾರಿಗೆ ಹತ್ತಿಸುತ್ತಾನೆ.

ಮನೀಶ್ ಆ ತುಣುಕನ್ನು ಮತ್ತೆ ಮತ್ತೆ ಹಾಕಿದ. ಎಷ್ಟು ಸಲ ಹಾಕಿದರೂ ಕೈ ಸುಡಲಿಲ್ಲ.

ಆ ಮುಖದ ಚಿತ್ರವನ್ನು ಸುತ್ತಲಿನ ಠಾಣೆಗಳಿಗೆ ಕಳಿಸಿದ್ದಕ್ಕೆ ಬುಧವಾರ ಬೆಳಿಗ್ಗೆ ಬ್ರಹ್ಮಾವರ ಠಾಣೆಯಿಂದ ಉತ್ತರ ಬಂತು. ಅವನು ಶೇಖರ. ಮುಂಬೈಯಲ್ಲಿ ಅಂಗಾರ್ ಶೇಖರ. ಪನ್ವೇಲಿನಿಂದ ಕರಾವಳಿಯ ಹೆದ್ದಾರಿಯುದ್ದಕ್ಕೂ ಲಾರಿಯವರನ್ನು ಹೆದರಿಸಿ ಆಳುವ ಗ್ಯಾಂಗಿನ ಯಜಮಾನ. ಮೂರು ವರ್ಷದ ಹಿಂದೆ ಬ್ರಹ್ಮಾವರದ ಹತ್ತಿರ ಎದುರು ಗುಂಪಿನವರು ಅವನನ್ನು ಲಾರಿಯೊಳಗೆ ಹಾಕಿ ಬೆಂಕಿ ಕೊಟ್ಟಿದ್ದರು. ಉರಿಯುವ ಲಾರಿಯಿಂದ ಅವನು ಬೂದಿ ಕೊಡವಿಕೊಂಡು ಇಳಿದು ಬಂದ ಎಂದು ಇಬ್ಬರು ಹೇಳಿದ್ದರು. ಕುಡಿದ ಸಾಕ್ಷಿಗಳು ಎಂದು ಆ ಮಾತನ್ನು ಬಿಟ್ಟಿದ್ದರಂತೆ.

“ಊರ್ ಯಾವ್ದ್ ಅವಂದ್?” ಕುಸುಮಾವತಿ ಫೋನಿನಲ್ಲಿ ಬ್ರಹ್ಮಾವರದವರನ್ನು ಕೇಳಿದರು.

“ಆಗ ಹಿಡ್ದ್ ತಂದ್ ಎಷ್ಟ್ ಹೊಡ್ದ್ರೂ ಹೇಳ್ಲಿಲ್ಲ ಮಾರಾಯ್ರೆ. ಅಪ್ಪ ಅಮ್ಮ, ಊರ್, ಒಂದೂ ಇಲ್ಲ.”

ಕುಸುಮಾವತಿ ಜೀಪಿನಲ್ಲಿ ನೇರ ಗಿರಿಯನ ಮನೆಗೆ ಹೋದರು. ಶೇಖರನ ಚಿತ್ರವನ್ನು ಅವನ ಮುಂದೆ ಹಿಡಿದರು. ಅವನು ನೋಡಲಿಲ್ಲ. ರತ್ನಳೇ ಮುಂದೆ ಬಂದಳು.

“ನಿದ್ರಿಯಗೆ ಅಪ್ಪೀ ಅಪ್ಪೀ ಅಂತ್ರಿ. ಯಾರದ್ ಅಪ್ಪಿ? ಹೇಳ್ತ್ರಿಯಾ, ನಾ ತೌರ್ ಮನಿಗ್ ಹೋಯ್ಕಾ?”

ಗಿರಿಯ ಅಳತೊಡಗಿದ. ಅಳುತ್ತಲೇ ಹೇಳಿಕೆ ಕೊಟ್ಟ. ಬಚ್ಚಣ್ಣ ಬರೆದುಕೊಂಡರು.

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ರಾಮದಾಸನ ಅಪ್ಪನ ಮನೆ ಬಿಜೂರಿನಲ್ಲಿತ್ತು. ಗಿರಿಯ ಅಲ್ಲಿ ಆಳು, ಅಪ್ಪಿ ಅಲ್ಲೇ ಕೆಲಸಕ್ಕಿದ್ದ ವಿಧವೆ. ಅವಳ ಹತ್ತು ವರ್ಷದ ಮಗ ಶೇಖರ. ರಾಮದಾಸನ ಅಕ್ಕ ಸರಸಳ ಚಿನ್ನದ ಚೈನು ಕಾಣೆಯಾದಾಗ ಯಜಮಾನರು ಎಣ್ಣೆ ಕಾಯಿಸಲು ಹೇಳಿದರು. ಒಲೆ ಉರಿಸಿದ್ದು ರಾಮದಾಸ. ಅಪ್ಪಿ ಹೆದರಿ ನಡುಗಿದಳು, ಆದರೆ ಕದ್ದೆ ಎಂದು ಒಪ್ಪಲಿಲ್ಲ.

“ಯಜಮಾನ್ರ್ ಇನ್ನೇನ್ ಸಾಕ್ ಅಂಬುಕ್ ಹೊರ್ಟಿದ್ರ್. ಅಷ್ಟೊತ್ತಿಗ್ ಆ ಸಣ್ಣ ಗಂಡ್, ಶೇಖರ, ಓಡಿ ಬಂದ್ ಕೈ ಹಾಕ್ತ್. ಪಾವ್ಲಿ ತೆಗ್ದ್ ಯಜಮಾನ್ರ್ ಕೈಯಗ್ ಇಡ್ತ್. ಒಂದ್ ಬೊಕ್ಕಿ ಇಲ್ಲ ಮೇಡಂ. ಎಲ್ರೂ ಕೈ ಮುಗ್ದ್ರ್. ಸತ್ಯ ಇದ್ರೆ ಸುಡುದಿಲ್ಲ ಅಂದೇಳಿ ಕಣ್ಣಾರೆ ಕಂಡಾಯ್ತಲ್ಲ. ಮತ್ತೆ ಯಜಮಾನ್ರ್ ಬಿಡ್ಲಿಲ್ಲ. ಅಪ್ಪಿ ಕೈ ಹಿಡ್ದ್ ಅದ್ದದ್ದ್ ನಾನೇ.”

“ಸುಟ್ಟಿತ್.”

“ಸುಟ್ಟಿತ್.”

ಕಳ್ಳಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಕೈ ಕೊಳೆತು, ಜ್ವರ ಏರಿ, ಮಳೆಗಾಲಕ್ಕೆ ಮೊದಲೇ ಅಪ್ಪಿ ಹೋದಳು. ಹುಡುಗ ಮುಂಬೈಗೆ ಹೊರಟ ಹೋಟೆಲಿನವರ ಹಿಂದೆ ಹೋದ. ಈ ಎರಡು ದಿನವಷ್ಟೇ ಅಲ್ಲ, ಅಷ್ಟೂ ವರ್ಷ ಗಿರಿಯ ಆ ಕೈಯನ್ನು ಬಚ್ಚಿಡುತ್ತಲೇ ಬಂದಿದ್ದ ಎಂದು ಕುಸುಮಾವತಿಗೆ ಅನ್ನಿಸಿತು. ಕನಿಕರವೂ ಬಂತು, ಎರಡು ಬಾರಿಸುವಷ್ಟು ಸಿಟ್ಟೂ ಬಂತು.

“ನಿನ್ ಕೈ ಎಲ್ಲಿ ಅದ್ದದ್?”

“ಅದೇ ಅಂಗ್ಳದಗೆ. ಮನಿ ಇಲ್ಲ ಈಗ, ಕೆಡ್ಗಿರ್. ತೆಂಗಿನ್ ಮರ ಮಾತ್ರ ಇತ್ತ್.”

ಒಲೆ ಉರಿಸಿದವನದು ಆಯಿತು. ಕೈ ಹಿಡಿದವನದು ಆಯಿತು. ಯಜಮಾನರು ಸತ್ತು ಎಷ್ಟೋ ಕಾಲವಾಗಿದೆ. ಉಳಿದವಳು ಸರಸ. ಅವಳೀಗ ಯಡ್ತರೆಯಲ್ಲಿ ಒಬ್ಬಳೇ ಇದ್ದಾಳೆ, ಸಕ್ಕರೆ ಕಾಯಿಲೆ ಇದೆ, ಕಾಲಿನ ಗಾಯವೇ ವಾಸಿಯಾಗುತ್ತಿಲ್ಲ ಎಂದು ಬಚ್ಚಣ್ಣ ಹೇಳಿದರು. ಗಿರಿಯನಂತೆ ಕೈ ಸುಟ್ಟರೆ ಅವಳು ಬದುಕುವುದಿಲ್ಲ. ಅಪ್ಪಿ ಸತ್ತ ಹಾಗೆಯೇ ಸಾಯುತ್ತಾಳೆ.

ಫೋನು ಸ್ವಿಚ್ ಆಫ್. ಯಡ್ತರೆಯಲ್ಲಿ ಬಾಗಿಲಿಗೆ ಬೀಗ. ಪಕ್ಕದ ಮನೆಯ ಸುಗುಣ ಬಟ್ಟೆ ಒಣಗಿಸುತ್ತಿದ್ದಳು.

“ಈಗಷ್ಟೇ ಹೋದ್ರ್. ಕಾರ್ ಬಂದಿತ್ತ್.”

“ಎಳ್ಕಂಡ್ ಹೋದ್ರಾ?”

“ಇಲ್ಲಪ್ಪ. ಅವ್ರೇ ಹತ್ತಿ ಕೂತ್ರ್. ಬೀಗದ್ ಕೈ ನನ್ನತ್ರ ಕೊಟ್ಟಿರ್. ‘ಬಪ್ದ್ ತಡ ಆತ್ತ್, ದನಿಗ್ ನೀರ್ ಕೊಡ್’ ಅಂದ್ರ್.”

ಜೀಪು ಬಿಜೂರಿಗೆ ತಿರುಗಿತು. ಹೆದ್ದಾರಿಯಲ್ಲಿ ಮೀನಿನ ಲಾರಿಯೊಂದು ಅಡ್ಡ ನಿಂತಿತ್ತು. ಮನೀಶ್ ಹಾರ್ನ್ ಒತ್ತಿ ಹಿಡಿದ. ಕುಸುಮಾವತಿ ಇಳಿದು ಲಾರಿಯವನನ್ನು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ. ಒಂದೊಂದು ನಿಮಿಷಕ್ಕೂ ಆ ಎಣ್ಣೆ ಕಾಯುತ್ತಿತ್ತು.

ತೋಟದ ದಣಪೆ ಬಾಗಿಲಿನ ಹತ್ತಿರ ಕಾರು ನಿಂತಿತ್ತು. ಒಳಗಿದ್ದ ಇಬ್ಬರು ಪೊಲೀಸರನ್ನು ಕಂಡು ತಾವೇ ಕೈ ಎತ್ತಿದರು. ಯಜಮಾನ ಒಳಗೆ ಬರಬೇಡಿ ಅಂದಿದ್ದಾನೆ ಎಂದರು. ತೆಂಗಿನ ಮರಗಳ ನಡುವೆ ಹೊಗೆ ಕಾಣುತ್ತಿತ್ತು.

ಮೂರು ಕಲ್ಲಿನ ಒಲೆ. ಉರುಳಿ. ಒಂದು ಕಡೆ ಸರಸ ಕೆಂಪುಕಲ್ಲಿನ ಮೇಲೆ ಕೂತಿದ್ದಳು, ಕೈಕಾಲು ಕಟ್ಟಿರಲಿಲ್ಲ. ಇನ್ನೊಂದು ಕಡೆ ಶೇಖರ ಕುಕ್ಕರುಗಾಲಿನಲ್ಲಿ ಕೂತು, ಸ್ನಾನದ ನೀರಿನ ಬಿಸಿ ನೋಡುವವನಂತೆ, ಹೊಗೆಯಾಡುವ ಎಣ್ಣೆಯಲ್ಲಿ ಮಣಿಕಟ್ಟಿನವರೆಗೆ ಕೈ ಇಟ್ಟಿದ್ದ. ದೃಶ್ಯದಲ್ಲಿ ಹತ್ತು ಸಲ ನೋಡಿದ್ದರೂ ಮನೀಶ್ ಒಂದು ಹೆಜ್ಜೆ ಹಿಂದೆ ಸರಿದ.

“ಹತ್ರ ಬರ್ಬೇಡಿ ಮೇಡಂ. ಉರ್ಳಿ ಮಗ್ಚಿದ್ರೆ ಇವ್ರ್ ಮೈ ಮೇಲ್ ಬೀಳತ್ತ್. ನಂಗೆಂತ ಆಪ್ದಿಲ್ಲ.”

ಪಿಸ್ತೂಲು ಕೈಯಲ್ಲಿದ್ದೂ ಕುಸುಮಾವತಿಗೆ ಏನೂ ಮಾಡುವಂತಿರಲಿಲ್ಲ. ಗುಂಡು ತಗುಲಿ ಅವನು ಬಿದ್ದರೆ ಉರುಳಿಯೂ ಬೀಳುತ್ತದೆ. ಪಿಸ್ತೂಲನ್ನು ಒಳಗಿಟ್ಟು, ನಿಂತಲ್ಲೇ ನೆಲದ ಮೇಲೆ ಕೂತರು.

“ಎಂತ ಬೇಕ್ ನಿಂಗೆ?”

“ನನ್ ಹೆತ್ತ ಅಬ್ಬಿ ಕಳ್ಳಿ ಅಲ್ಲ ಅಂದೇಳಿ ಒಂದ್ ಮಾತ್. ಗಿರಿಯನೂ ಹೇಳ್ದ, ರಾಮ್ದಾಸನೂ ಹೇಳ್ದ. ಹೆದ್ರಿ ಹೇಳ್ದದ್ದ್. ಅವ್ರಿಗ್ ಗೊತ್ತಿಲ್ಲ. ಗೊತ್ತಿಪ್ಪುದ್ ಇವ್ರಿಗ್ ಮಾತ್ರ.”

ಸರಸ ತಲೆ ಎತ್ತಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ಚೈನ್ ಸಿಕ್ಕಿತ್ ಮಗಾ. ಯಾರೂ ಕದಿಲಿಲ್ಲ. ಆಸಾಡಿ ತಿಂಗ್ಳಗ್ ಅಕ್ಕಿ ಮುಡಿ ಬಿಚ್ಚಿದಲ್ಲ್ ಒಳ್ಗಿತ್ತ್. ಹುಲ್ಲ್ ಸುತ್ತಿ ಮುಡಿ ಕಟ್ಟುವತಿಗೆ ನನ್ ಕುತ್ಗಿಯಿಂದ್ಲೇ ಜಾರಿದ್ದ್. ಅಪ್ಪಯ್ಯ ಹೇಳ್ರ್, ಅಪ್ಪಿ ಸತ್ತಾಯ್ತ್, ಇನ್ ಬಾಯಿ ಬಿಟ್ರೆ ಮನಿ ಮರ್ಯಾದಿ ಹೋತ್ತ್ ಅಂದೇಳಿ. ನಾ ಬಾಯಿ ಮುಚ್ಕಂಡೆ. ಆ ಚೈನ್ ಮತ್ತೆ ಒಂದಿನವೂ ಹಾಕ್ಲಿಲ್ಲ.”

ಬಚ್ಚಣ್ಣ ಟೊಪ್ಪಿ ತೆಗೆದರು.

“ನೀ ಕಾರ್ ಕಳ್ಸುಕ್ ಮೊದ್ಲೇ ನಾ ಬರ್ಕಿತ್ತ್” ಎಂದಳು ಸರಸ. “ಸುಳ್ಳ್ ಹೇಳ್ದವ್ರ್ ಕೈ ಸುಡ್ಕ್ ಅಲ್ದಾ? ನಂದ್ ಸುಡ್ಲಿ.”

ಅವಳು ಬಲಗೈ ಚಾಚಿ ಉರುಳಿಗೆ ಬಾಗಿದಳು. ಕುಸುಮಾವತಿ ಕೂಗಿ ಎದ್ದರು. ಅದಕ್ಕೂ ಮೊದಲು ಶೇಖರನ ಕೈ ಎಣ್ಣೆಯಿಂದ ಮೇಲೆ ಬಂದು ಸರಸಳ ಮಣಿಕಟ್ಟನ್ನು ಹಿಡಿದು ಹಿಂದಕ್ಕೆ ತಳ್ಳಿತು. ಎಣ್ಣೆಗೆ ಅವಳ ಉಗುರೂ ತಾಗಲಿಲ್ಲ. ಆದರೂ ಸರಸ ಕಿರುಚಿದಳು. ಅವನ ಕೈಯ ಎಣ್ಣೆಗೆ ಅವಳ ಮಣಿಕಟ್ಟಿನಲ್ಲಿ ಐದು ಬೆರಳು ಮೂಡಿದ್ದವು.

ಶೇಖರ ಆ ಗುರುತನ್ನು ನೋಡಿದ. ಆಮೇಲೆ ತನ್ನ ಕೈಯನ್ನು ನೋಡಿದ.

“ನಾ ಬಿಡ್ಸುಕ್ ಹೋದದ್ದ್” ಎಂದ. ಮತ್ತೊಮ್ಮೆ, ಯಾರಿಗೋ ಗೊತ್ತಿಲ್ಲ, “ಆ ದಿನವೂ ಬಿಡ್ಸುಕೇ ಹೋದದ್ದ್” ಎಂದ.

ಬಚ್ಚಣ್ಣ ಅವನ ಕೈಗಳ ಎಣ್ಣೆಯನ್ನು ಗೋಣಿಯಿಂದ ಒರೆಸಿದ ಮೇಲೆ ಕೋಳ ಬಿತ್ತು. ಸ್ಥಳ ಪಂಚನಾಮೆಯಲ್ಲಿ ಉರುಳಿ, ಮೂರು ಕಲ್ಲು, ಹಳೆಯ ಒಂದು ಪಾವಲಿ ಸೇರಿದವು. ಸರಸಳನ್ನು ಕುಂದಾಪುರಕ್ಕೆ ಕಳಿಸಿದರು. ಸುಟ್ಟದ್ದು ಮೇಲಿನ ಚರ್ಮ ಮಾತ್ರ, ಉಳಿಯುತ್ತಾರೆ ಎಂದು ವೈದ್ಯರು ಹೇಳಿದರು. ಆಸ್ಪತ್ರೆಯಲ್ಲೇ ಅವಳು ಮುಡಿಯ ಮಾತನ್ನು ಹೇಳಿಕೆಯಾಗಿ ಬರೆಸಿ, ಊರಿನವರ ಎದುರು ಓದಿ ಹೇಳಿ ಎಂದು ಕೇಳಿಕೊಂಡಳು. ಕಾನೂನಿನಲ್ಲಿ ಅಂಥ ಕ್ರಮವಿಲ್ಲ. ಓದುತ್ತೇವೆ ಎಂದು ಕುಸುಮಾವತಿ ಒಪ್ಪಿಕೊಂಡರು.

ಠಾಣೆಯಲ್ಲಿ ಶೇಖರ ಏನನ್ನೂ ಅಲ್ಲಗಳೆಯಲಿಲ್ಲ. ಪ್ರತಿಸಲ ಮೊದಲು ತಾನೇ ಕೈ ಅದ್ದುತ್ತಿದ್ದೆ ಎಂದ.

“ಎಂತಕೆ? ಹೆದ್ರ್ಸುಕಾ?”

“ಈ ಸಲಿಯಾರೂ ಸುಡತ್ತಾ ಅಂದೇಳಿ. ಆ ದಿನ ನನ್ ಕೈ ಸುಟ್ಟಿದ್ರೆ ಎಣ್ಣಿ ಎಲ್ರನ್ನೂ ಸುಡತ್ತ್ ಅಂದೇಳಿ ಅವ್ರಿಗ್ ಗೊತ್ತಾತಿತ್ತ್. ಅಬ್ಬಿ ಬದ್ಕ್ತಿತ್ತ್.”

ಸಂಜೆ ಬಚ್ಚಣ್ಣ ಪಕ್ಕದ ಹೋಟೆಲಿನಿಂದ ಗಂಜಿ, ಉಪ್ಪಿನಕಾಯಿ ತಂದು ಲಾಕಪ್ಪಿನೊಳಗಿಟ್ಟರು. ಹಬೆಯಾಡುತ್ತಿದ್ದ ಗಂಜಿ. ಶೇಖರ ಬಟ್ಟಲು ಮುಟ್ಟಲಿಲ್ಲ.

“ಎಂತಕೆ ಉಂಬುದಿಲ್ಲ?”

“ಬಿಸಿ ಇತ್ತ್.”

“ನಿಂಗ್ ಬಿಸಿ ತಾಗುದಿಲ್ಲ ಅಲ್ದಾ ಮಾರಾಯ?”

ಶೇಖರ ಗೋಡೆ ನೋಡುತ್ತ ಹೇಳಿದ. “ಅಬ್ಬಿಗೂ ಗೊತ್ತಿತ್ತ್. ಯಾರಿಗೂ ತೋರ್ಸ್ಬೇಡ ಮಗಾ ಅಂತಿತ್ತ್. ಆದ್ರೂ ದಿನಾ ಊದಿ ಊದಿ ಆರ್ಸಿಯೇ ಕೊಡ್ತಿತ್ತ್. ಬಿಸಿದ್ ಉಂಡ್ರೆ ಬೈತಿತ್ತ್.”

ಬಚ್ಚಣ್ಣ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಗಂಜಿಯ ಮೇಲೆ ಕೆನೆ ಕಟ್ಟುವವರೆಗೆ ಒಳಗಿನವನೂ ಅಲುಗಲಿಲ್ಲ, ಹೊರಗಿನವರೂ ಎದ್ದು ಹೋಗಲಿಲ್ಲ. ಆಮೇಲೆ ಶೇಖರ ಬಟ್ಟಲನ್ನು ಹತ್ತಿರ ಎಳೆದುಕೊಂಡು ಉಂಡ. ಠಾಣಾ ದಿನಚರಿ ಬರೆಯುತ್ತಿದ್ದ ಮನೀಶ್ ತಲೆ ಎತ್ತಿ, ಆರೋಪಿಯ ಊಟದ ಬಗ್ಗೆ ಏನು ಬರೆಯಲಿ ಎಂದು ಕೇಳಿದ.

“ಗಂಜಿ ಆರಿದ ಮೇಲೆ ಊಟ ಮಾಡಿದ್ದಾನೆ ಅಂತ ಬರಿ” ಎಂದರು ಕುಸುಮಾವತಿ.

“ಆರಿದ ಮೇಲೆ ಅನ್ನುದೂ ಬೇಕಾ ಮೇಡಂ?”

“ಬೇಕ್. ಬರಿ.”