ಒಂದು ಕಡೆ ಚಪ್ಪಟೆಯಾದ ನೀಲಿ ಮುತ್ತು

ದಿವ್ಯಶ್ರೀ ಪುಡಿಸಕ್ಕರೆ ಜರಡಿ ಹಿಡಿಯುತ್ತಿದ್ದಳು. ಬೇಕರಿಯ ಹಿಂದಿನ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಡಿಸೆಂಬರಿನ ಮಂಜಿನಲ್ಲಿ ಕೊಡ್ಲಿಪೇಟೆಯ ರಸ್ತೆಯೇ ಕಾಣುತ್ತಿರಲಿಲ್ಲ. ಮೊದಲ ದಿನವೇ ತಪ್ಪಾಗಬಾರದೆಂದು ಅವಳು ಉಸಿರು ಬಿಗಿಹಿಡಿದಿದ್ದಳು.

"ಹೇಮಾ..."

ಬೆನ್ನ ಹಿಂದಿನ ದನಿಗೆ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ನಿಂತಿದ್ದ ಯುವಕನ ಕೈಯಿಂದ ತಟ್ಟೆ ಜಾರಿ ಬಿತ್ತು. ಅವಳ ಮುಖ ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ಸಾರಿ" ಎಂದವನೇ ಹೊರಟುಹೋದ.

ಬೇಕರಿಯ ಯಜಮಾನಿ ಕಾಂತಮ್ಮ ಬಂದು ತಟ್ಟೆ ಎತ್ತಿದರು. "ನನ್ ಮಗ ಕೀರ್ತಿ. ನನ್ ಸೊಸೆ ಹೇಮನೂ ಹಿಂಗೇ ಬೆನ್ನು ಹಾಕ್ಕೊಂಡು ನಿಲ್ಲೋಳು ಕಣವ್ವ. ಜ್ವರ ಬಂದು ತೀರ್ಕೊಂಡು ಎರಡು ವರ್ಷ ಆಯ್ತು."

ಆಮೇಲೆ ಏನೂ ನಡೆದಿಲ್ಲವೆಂಬಂತೆ ಕೇಕಿನ ಮೇಲಿಡುವ ಸಕ್ಕರೆ ಮುತ್ತು ಮಾಡುವುದನ್ನು ಕಲಿಸಿದರು. ಪುಡಿಸಕ್ಕರೆಗೆ ನೀರಲ್ಲಿ ನೆನೆಸಿದ ತಿನ್ನುವ ಅಂಟು, ಒಂದು ಹನಿ ಬಣ್ಣ. ಚೆನ್ನಾಗಿ ನಾದಿ, ಒಳ್ಳೆಮೆಣಸಿನ ಕಾಳಿನಷ್ಟೇ ತೆಗೆದು, ಬೆರಳಲ್ಲಿ ಉರುಳಿಸಿ ಒಣಗಿಸಬೇಕು. ಒಣಗಿದ ಮೇಲೆ ಹೊಳಪಿನ ಪುಡಿಯ ಡಬ್ಬಿಯಲ್ಲಿ ಹಾಕಿ ಕುಲುಕಬೇಕು.

"ಜೆಲಾಟಿನ್ ಮಾತ್ರ ಮುಟ್ಟಬೇಡ. ಅದು ಮೂಳೇದಂತೆ, ನಮಗಾಗಲ್ಲ. ಹೇಮನೂ ಅಂಟಲ್ಲೇ ಮಾಡೋಳು. ನೀಲಿ ಅಂದ್ರೆ ಪ್ರಾಣ ಅವಳಿಗೆ. ಓವನ್ ತಾಗಿ ಹೆಬ್ಬೆಟ್ಟು ಸುಟ್ಟು ಬಿರುಸಾಗಿತ್ತು, ಅದಕ್ಕೇ ಅವಳ ಮುತ್ತೆಲ್ಲ ಒಂದು ಕಡೆ ಚಪ್ಪಟೆ."

ಮರುದಿನ ಕಾಂತಮ್ಮ ಮಗಳ ಬಾಣಂತನಕ್ಕೆ ಹಾಸನಕ್ಕೆ ಹೋದರು. ಹಿಂದಿನ ಕೋಣೆಗಿದ್ದದ್ದು ಎರಡೇ ಕೀ. ಒಂದು ಕೀರ್ತಿಯ ಬಳಿ, ಇನ್ನೊಂದು ದಿವ್ಯಾಳ ಬಳಿ.

ಕೀರ್ತಿ ಹೆಚ್ಚು ಮಾತಾಡುವವನಲ್ಲ. ಆದರೆ ಹತ್ತು ಗಂಟೆಗೆ ಸರಿಯಾಗಿ ಕಿಟಕಿಯ ಬಳಿ ಕಾಫಿ ಇಟ್ಟುಹೋಗುತ್ತಿದ್ದ. ಒಮ್ಮೆ ಅವಳ ಗುಲಾಬಿ ಮುತ್ತುಗಳನ್ನು ನೋಡಿ ನಕ್ಕುಬಿಟ್ಟ.

"ಇದೇನ್ರೀ, ಒಂದು ಬಟಾಣಿ, ಒಂದು ಸಾಸಿವೆ?"

"ನಿಮ್ಮ ಕೇಕೂ ಒಂದು ಕಡೆ ವಾಲಿದೆ" ಎಂದಳು ಮೆಲ್ಲಗೆ. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಅವನು ಇನ್ನೂ ಜೋರಾಗಿ ನಕ್ಕ. ಆ ನಗು ಅವಳ ಜೊತೆಗೇ ಮನೆಗೆ ಬಂತು.

ಮರುದಿನ ಬೆಳಿಗ್ಗೆ ತಟ್ಟೆಯ ಮೂಲೆಯಲ್ಲಿ ಒಂದು ಸಾಲು ನೀಲಿ ಮುತ್ತುಗಳಿದ್ದವು.

ಅವಳು ನೀಲಿ ಕಲಸಿಯೇ ಇರಲಿಲ್ಲ. ಒಂದನ್ನು ಎತ್ತಿ ನೋಡಿದಳು. ಒಂದು ಕಡೆ ಚಪ್ಪಟೆ.

'ಅವರೇ ಮಾಡಿದ್ದಾರೆ... ಹೆಂಡತಿಯನ್ನು ಇನ್ನೂ ಮರೆತಿಲ್ಲ.' ಮುತ್ತುಗಳನ್ನು ಮೆಲ್ಲಗೆ ಒಂದು ಬಟ್ಟಲಿಗೆ ತೆಗೆದಿಟ್ಟಳು.

ಅದರ ಮರುದಿನ ಎರಡು ಸಾಲು. ಆಮೇಲೆ ಮೂರು. ಕಾಫಿ ಬರುವುದು ನಿಂತಿತು. ಕೀರ್ತಿ ಅವಳ ಕಡೆ ನೋಡುವುದನ್ನೂ ಬಿಟ್ಟ.

ಶನಿವಾರ ಅವನೇ ಬಂದು ಆ ಬಟ್ಟಲನ್ನು ಅವಳ ಮುಂದಿಟ್ಟ.

"ನಾಳೆಯಿಂದ ನೀವು ಬರೋದು ಬೇಡ."

"ನಾನೇನು ಮಾಡಿದೆ?"

"ಅವಳ ಥರಾನೇ ಚಪ್ಪಟೆ ಮಾಡಿಟ್ರೆ ನನಗೆ ಖುಷಿಯಾಗುತ್ತೆ ಅಂದ್ಕೊಂಡ್ರಾ? ಸತ್ತವಳ ಹೆಸರಲ್ಲಿ ಹಿಂಗೆಲ್ಲ ಆಟ ಆಡಬಾರದು."

ದಿವ್ಯಾ ಬಟ್ಟಲನ್ನು ಹಿಂದಕ್ಕೆ ಸರಿಸಿದಳು. "ನಾನು ಮಾಡಿಲ್ಲ. ನೀವು ಮಾಡ್ತಿದ್ದೀರಿ ಅಂದ್ಕೊಂಡಿದ್ದೆ..."

ಅವನು ಅಟ್ಟಣಿಗೆಯ ತುದಿಯಿಂದ ನೀಲಿ ಬಣ್ಣದ ಸೀಸೆಯನ್ನು ತೆಗೆದ. ಎರಡು ವರ್ಷ ಯಾರೂ ಮುಟ್ಟದ ಬಣ್ಣ ತಳದಲ್ಲಿ ಕಲ್ಲಿನಂತೆ ಅಂಟಿಕೊಂಡಿತ್ತು.

ದಿವ್ಯಾ ತನ್ನ ಕೀ ಕಳಚಿ ಅವನ ಕೈಗಿಟ್ಟಳು. "ತಟ್ಟೆಯೆಲ್ಲ ತೊಳೆದಿಟ್ಟು ಬೀಗ ಹಾಕಿ. ಎರಡೂ ಕೀ ನಿಮ್ಮ ಹತ್ರಾನೇ ಇರಲಿ. ಬೆಳಿಗ್ಗೆ ನಾನು ಬಂದ ಮೇಲೇ ತೆಗೀರಿ. ಏನೂ ಇಲ್ಲದಿದ್ರೆ ನಾನೇ ಕಳ್ಳಿ ಅಂದ್ಕೊಳ್ಳಿ, ಹೊರಟುಹೋಗ್ತೀನಿ."

ಭಾನುವಾರ ಅವಳು ಬಂದಾಗ ಮಂಜು ಇನ್ನೂ ಕರಗಿರಲಿಲ್ಲ. ಕೀರ್ತಿ ಮೆಟ್ಟಿಲ ಮೇಲೆ ಕುಳಿತಿದ್ದ. ಕೀ ಎರಡೂ ಅವನ ಮುಷ್ಟಿಯಲ್ಲಿದ್ದವು. ಇಬ್ಬರೂ ಒಟ್ಟಿಗೇ ಒಳಗೆ ಕಾಲಿಟ್ಟರು.

ತಟ್ಟೆಯ ತುಂಬ ನೀಲಿ.

ದಿವ್ಯಾ ಒಂದನ್ನು ಮುಟ್ಟಿದಳು. ಇನ್ನೂ ಒಣಗಿರಲಿಲ್ಲ. ಬೆರಳಿಗೆ ಬಣ್ಣ ಹತ್ತಿತು. ಈಗಷ್ಟೇ ಯಾರೋ ಕೈ ತೆಗೆದಂತೆ ಮುತ್ತು ಬೆಚ್ಚಗಿತ್ತು...

ಕೀರ್ತಿ ಗೋಡೆಗೆ ಒರಗಿದ. "ಅವತ್ತು ನಿಮ್ಮ ಜೊತೆ ನಕ್ಕೆನಲ್ಲ, ಎರಡು ವರ್ಷದಲ್ಲಿ ಅದೇ ಮೊದಲು. ನೀವು ಇಷ್ಟ ಆಗಿದ್ದೀರಿ ಅಂತ ಅವತ್ತೇ ಗೊತ್ತಾಯ್ತು. ಮಾರನೇ ದಿನದಿಂದ ಇದು ಶುರು."

"ಅದಕ್ಕೇ ನನ್ನ ಕಳಿಸೋಕೆ ಹೊರಟ್ರಾ?"

"ನೀವು ಮಾಡ್ತಿದ್ದೀರಿ ಅಂದ್ಕೊಂಡ್ರೆ ಕೋಪ ಬರ್ತಿತ್ತು. ನೀವಲ್ಲ ಅಂದ್ಕೊಂಡ್ರೆ ಭಯ. ಕೋಪಾನೇ ಸುಲಭ ಅನ್ನಿಸ್ತು." ಅವನು ಬಾಗಿಲ ದಾರಿ ಬಿಟ್ಟು ಸರಿದ. "ತಪ್ಪಾಯ್ತು, ದಿವ್ಯಾ. ಹೋಗೋದಾದ್ರೆ ಹೋಗಿ. ನಾನು ತಡೆಯಲ್ಲ."

'ಹೋಗು' ಎಂದು ಮೈಯೆಲ್ಲ ಹೇಳುತ್ತಿತ್ತು. ಅವಳು ನಿಂತಲ್ಲೇ ನಿಂತಳು.

"ಹೆದರಿಕೆ ಆಗ್ತಿಲ್ವಾ?"

"ಆಗ್ತಿದೆ. ಆದ್ರೂ ಹೋಗಲ್ಲ."

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು. ತಣ್ಣಗಿದ್ದ ಎರಡು ಕೈಗಳು ನಿಧಾನಕ್ಕೆ ಬಿಸಿಯಾದವು.

ತಟ್ಟೆಯಲ್ಲಿ ಒಂದು ಮುತ್ತು ತಾನಾಗಿ ಉರುಳಿತು. ಅಂಚಿನವರೆಗೆ ಬಂದು, ಚಪ್ಪಟೆ ಬದಿಯ ಮೇಲೆ ಕುಳಿತು, ನಿಂತಿತು.

ಕೀರ್ತಿಯ ಬೆರಳುಗಳು ಬಿಗಿಯಾದವು. ದಿವ್ಯಾ ಅವನ ಕೈ ಬಿಡದೆ, ಜರಡಿಯ ಮುಂದೆ ಹೇಮಾ ನಿಲ್ಲುತ್ತಿದ್ದ ಖಾಲಿ ಜಾಗದ ಕಡೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ.

"ಅಕ್ಕಾ" ಎಂದಳು.

ಕಾದಳು. ಕಿಟಕಿಯಾಚೆ ಮಂಜು ಹಾಗೇ ಇತ್ತು.

"ಅಕ್ಕಾ, ಇವರನ್ನ ನನಗೆ ಬಿಟ್ಟುಕೊಡಿ."