ಮತ್ತೆ ಮೆತ್ತಗಾದ ಬ್ರೇಕು

"ಅಮ್ಮಾ, ಮತ್ತೆ ಮೆತ್ತಗಾಗಿದೆ!"

ಶಾಲೆಯಿಂದ ಬಂದ ಜೀರುಂಡೆ, ಹೆಗಲಿನ ಚೀಲವನ್ನೂ ಇಳಿಸದೆ, ಬೈಕಿನ ಬ್ರೇಕ್ ಲಿವರ್ ಅದುಮಿ ಕೂಗಿದಳು. ಲಿವರ್ ಒಂದಿಷ್ಟೂ ತಕರಾರು ಮಾಡದೆ ಹಿಡಿಕೆಯವರೆಗೂ ಬಂದು ತಾಗಿತು.

ಅಡುಗೆಮನೆಯ ಕಿಟಕಿಯಿಂದ ಅಮ್ಮ ಇಣುಕಿದಳು. "ಹೋಗೇ! ಬೆಳಗ್ಗೆ ಕಲ್ಲಿನ ಥರ ಇತ್ತಲ್ಲ?"

"ಬೆಳಗ್ಗೆ ಕಲ್ಲು, ಸಂಜೆ ಬೆಣ್ಣೆ. ದಿನಾ ಇದೇ ಆಯ್ತು. ಯಾಕಮ್ಮಾ? ಯಾಕೆ ಹೀಗಾಗುತ್ತೆ? ಹೇಳಮ್ಮಾ."

ಒಂದು ಪ್ರಶ್ನೆ ಹಿಡಿದರೆ ಉತ್ತರ ಸಿಗುವವರೆಗೂ ಕಿರ್ರೆನ್ನುತ್ತಲೇ ಇರುತ್ತಾಳೆಂದು ಅಜ್ಜಿ ಅವಳಿಗೆ ಜೀರುಂಡೆ ಅಂತ ಹೆಸರಿಟ್ಟಿದ್ದರು. ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಬೇರೆಲ್ಲ ಕಡೆಯೂ ಅದೇ ಹೆಸರು ನಿಂತುಹೋಗಿತ್ತು.

ಆ ಕೆಂಪು ಸ್ಪೋರ್ಟ್ಸ್ ಬೈಕು ಜೀರುಂಡೆಗಿಂತ ವಯಸ್ಸಿನಲ್ಲಿ ದೊಡ್ಡದು. ಅಮ್ಮನ ಮೊದಲ ಸಂಪಾದನೆಯಲ್ಲಿ ಬಂದದ್ದು. ಅಮ್ಮನಿಗೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಕೆಲಸ. ಮನೆಗೆ ಬಂದರೆ ಈ ಬೈಕಿನ ರಿಪೇರಿ. ಎಂಜಿನ್ ಇನ್ನೂ ಹುಲಿಯೇ, ಆದರೆ ಬ್ರೇಕಿಗೆ ಮುಪ್ಪು ಬಂದಿತ್ತು. ಹೋದ ತಿಂಗಳು ಸರ್ಕಲ್ಲಿನಲ್ಲಿ ಅದು ಹಾಲಿನ ವ್ಯಾನಿಗೆ ಇನ್ನೇನು ಗುದ್ದಬೇಕು ಅನ್ನುವಾಗ ನಿಂತಿತ್ತು.

ಅಮ್ಮ ಅವತ್ತು ಬೆವರುತ್ತಾ ಮನೆಗೆ ಬಂದಿದ್ದಳು. "ಬ್ರೇಕ್ ಸರಿಹೋದ್ರೆ ನಿನ್ನನ್ನ ಹಿಂದೆ ಕೂರಿಸ್ಕೊಂಡು ಕೆರೆವರೆಗೂ ಒಂದು ರೌಂಡ್ ಹೋಗೋಣ. ಸರಿಹೋಗದಿದ್ರೆ ಗ್ಯಾರೇಜಿನವನಿಗೆ ಕೊಟ್ಟುಬಿಡ್ತೀನಿ. ಬಿಚ್ಚಿ ಪಾರ್ಟ್ಸ್ ಮಾಡ್ಕೋತೀನಿ ಅಂತ ಕೇಳ್ತಾನೇ ಇದ್ದಾನೆ."

ಬಿಚ್ಚಿ ಪಾರ್ಟ್ಸ್ ಮಾಡುವುದು! ಜೀರುಂಡೆಗೆ ಅವತ್ತು ಊಟ ಸೇರಿರಲಿಲ್ಲ.

ಅದೇ ಹೊತ್ತಿಗೆ ಮಹಡಿ ಮನೆಯ ಅಂಕಲ್ ಒಂದು ರಟ್ಟಿನ ಡಬ್ಬ ಹಿಡಿದು ಕೆಳಗೆ ಬಂದಿದ್ದರು. ಆ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು. ಕನ್ನಡಕದಂಗಡಿಯಲ್ಲಿ ಕೆಲಸ. ಮಾತು ಕಮ್ಮಿ, ಒಂದು ಕಾಲು ಕುಂಟು. ಡಬ್ಬದೊಳಗೆ ಹೊಸ ಮಾದರಿಯ ಬೈಕಿನ ಎರಡು ಕ್ಯಾಲಿಪರುಗಳಿದ್ದವು. ಕ್ಯಾಲಿಪರ್ ಅಂದರೆ ಬ್ರೇಕ್ ಹಿಡಿದಾಗ ಚಕ್ರದ ಪಕ್ಕದ ಉಕ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ನಿಲ್ಲಿಸುವ ದವಡೆ. ತಟ್ಟೆ ಎರಡು, ದವಡೆಯೂ ಎರಡು.

"ನನ್ನ ಗಾಡಿ ಆಕ್ಸಿಡೆಂಟಲ್ಲಿ ಹೋಯ್ತು ಮೇಡಂ. ಇವು ಚೆನ್ನಾಗಿವೆ. ನಿಮ್ಮ ಗಾಡಿಗೆ ಕೂರುತ್ತೆ, ಹಾಕ್ಕೊಳ್ಳಿ. ನನಗೇನೂ ಬೇಡ" ಎಂದು ಹೇಳಿ, ಕಾಫಿಗೂ ನಿಲ್ಲದೆ ಮೆಟ್ಟಿಲು ಹತ್ತಿದ್ದರು.

ಅಜ್ಜಿ ಅವರ ಬೆನ್ನನ್ನೇ ನೋಡುತ್ತಾ ಕೂತಿದ್ದರು. "ಏನೂ ಬೇಡ ಅನ್ನೋರಿಗೆ ಏನೋ ಬೇಕಿರುತ್ತೆ ಕಣೇ" ಎಂದರು ಜೀರುಂಡೆಯ ಕಿವಿಯಲ್ಲಿ.

ಕ್ಯಾಲಿಪರ್ ಜೋಡಿಸುವ ದಿನ ಜೀರುಂಡೆಗೆ ತೊಳೆಯುವ ಕೆಲಸ. ಹಳೆಯ ಟೂತ್‌ಬ್ರಶ್ಶು, ಸೋಪಿನ ನೀರು. ಅವಳು ಮಣ್ಣು, ಟೇಪು, ಅಂಟು ಎಲ್ಲ ಕಿತ್ತು ಎರಡನ್ನೂ ಫಳಫಳ ಮಾಡಿಟ್ಟಳು. ಟೇಪುಗಳು ಚೆಂದ ಇದ್ದವೆಂದು ತನ್ನ ಕಂಪಾಸ್ ಬಾಕ್ಸಿನ ಮೇಲೆ ಅಂಟಿಸಿಕೊಂಡಳು.

"ಭೇಷ್! ಹೊಸದೋ ಹಳೇದೋ ಅಂತಲೇ ಗೊತ್ತಾಗಲ್ಲ" ಎಂದು ಅಮ್ಮ ಬೆನ್ನು ತಟ್ಟಿದಳು. ಬೋಲ್ಟುಗಳು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು.

ಆಮೇಲೆ ಗಾಳಿ ತೆಗೆಯುವುದು. "ಪೈಪಿನಲ್ಲಿ ಬರೀ ಬ್ರೇಕ್ ಆಯಿಲ್ ಇರ್ಬೇಕು ಪುಟ್ಟಾ. ಒಂದು ಗುಳ್ಳೆ ಗಾಳಿ ಉಳಿದ್ರೂ ನೀನು ಒತ್ತಿದ್ದನ್ನೆಲ್ಲ ಅದೇ ತಿಂದ್ಹಾಕುತ್ತೆ. ಬ್ರೇಕಿಗೆ ಏನೂ ಸಿಗಲ್ಲ." ಕ್ಯಾಲಿಪರಿನ ಒಂದು ಪುಟ್ಟ ಸ್ಕ್ರೂ ತೋರಿಸಿದಳು. "ಇದೇ ಗಾಳಿ ಆಚೆ ಹೋಗೋ ಬಾಗಿಲು."

ಆ ಬಾಗಿಲು ತೆಗೆದು, ಲಿವರ್ ಒತ್ತಿ ಒತ್ತಿ, ಗುಳ್ಳೆ ಬರುವುದು ನಿಂತ ಮೇಲೂ ಲಿವರ್ ಮೆತ್ತಗೇ ಇತ್ತು. ಅಮ್ಮ ಗ್ಯಾರೇಜಿನವರ ಉಪಾಯ ಮಾಡಿದಳು: ಮಲಗುವ ಮುಂಚೆ ಲಿವರನ್ನು ಎಳೆದು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದಳು. ಬೆಳಗ್ಗೆ ಬಿಚ್ಚಿದರೆ ಕಲ್ಲು! ಸಂಜೆ ನೋಡಿದರೆ ಬೆಣ್ಣೆ. ಮತ್ತೆ ಕಟ್ಟು, ಮತ್ತೆ ಕಲ್ಲು, ಮತ್ತೆ ಬೆಣ್ಣೆ.

"ಹಗಲು ಹೊತ್ತಲ್ಲಿ ಯಾರೋ ಕೈ ಹಾಕ್ತಿದ್ದಾರೆ" ಎಂದಳು ಜೀರುಂಡೆ, ಅಜ್ಜಿಯ ಪಕ್ಕ ಕೂತು.

"ಹಗಲು ಮನೇಲಿ ಇರೋರು ಯಾರು? ನಾನು. ಮತ್ತೆ ಮಧ್ಯಾಹ್ನದವರೆಗೂ ಅವರು" ಎಂದು ಅಜ್ಜಿ ಕಣ್ಣಿನಲ್ಲೇ ಮಹಡಿ ತೋರಿಸಿದರು. "ನಾನಂತೂ ಅಲ್ಲ. ಊಟ ಆದ್ರೆ ನನಗೆ ನಿದ್ದೆ."

ಜೀರುಂಡೆಗೆ ಒಂದೊಂದೇ ನೆನಪಾಯಿತು. ಅಂಕಲ್ ಕೆಳಗೆ ಬಂದಾಗಲೆಲ್ಲ ಬೈಕಿನ ಹತ್ತಿರ ನಿಲ್ಲುತ್ತಾರೆ. ಯಾರಾದರೂ ನೋಡಿದರೆ ಸರಕ್ಕನೆ ಹೊರಡುತ್ತಾರೆ. ಒಮ್ಮೆ ಫೋನಿನಲ್ಲಿ ಯಾರಿಗೋ, "ಅವರು ಆ ಗಾಡಿ ಓಡಿಸದಿದ್ರೇ ಒಳ್ಳೇದು ಅನ್ಸುತ್ತೆ" ಎಂದಿದ್ದನ್ನು ಅವಳೇ ಕೇಳಿದ್ದಳು.

ತಮ್ಮ ಗಾಡಿ ಹೋಯಿತೆಂದು ನಮ್ಮದೂ ಹೋಗಲಿ ಅಂತಲೋ? ಅದಕ್ಕೇ ಕೊಟ್ಟಿದ್ದೋ?

ಮಾರನೆಯ ದಿನ ಅವಳು ಟೀಚರ್ ಹತ್ತಿರ ಸೀಮೆಸುಣ್ಣದ ಚೂರು ಕೇಳಿದಳು. "ಯಾಕೆ?" ಎಂದರೆ "ಸೈನ್ಸ್ ಪ್ರಯೋಗಕ್ಕೆ, ಮಿಸ್" ಎಂದಳು. ಪೂರ್ತಿ ಸುಳ್ಳೇನಲ್ಲ.

ಮರುದಿನ ಬೆಳಗ್ಗೆ ಅಮ್ಮ ಟ್ಯೂಬ್ ಬಿಚ್ಚಿ ಬಸ್ಸಿಗೆ ಓಡಿದ ಮೇಲೆ ಜೀರುಂಡೆ ಸೀಮೆಸುಣ್ಣವನ್ನು ಕಲ್ಲಿನಲ್ಲಿ ಕುಟ್ಟಿ ಪುಡಿ ಮಾಡಿದಳು.

"ಮೇಲೆ ಹಚ್ಬೇಡ, ಕಾಣುತ್ತೆ. ಬೆರಳು ಸುತ್ತಿ ಬರೋ ಕಡೆ ಹಚ್ಚು" ಎಂದು ಬಾಗಿಲಲ್ಲಿ ನಿಂತು ಅಜ್ಜಿ ಸಲಹೆ ಕೊಟ್ಟರು. ಅಜ್ಜಿ ಚಿಕ್ಕಂದಿನಲ್ಲಿ ಏನೇನು ಮಾಡಿದ್ದರೋ ಎಂದು ಜೀರುಂಡೆಗೆ ಮೊದಲ ಸಲ ಅನುಮಾನ ಬಂತು.

ಸಂಜೆ ಓಡಿ ಬಂದು ನೋಡಿದಳು. ಲಿವರಿನ ಪುಡಿಯಲ್ಲಿ ಬೆರಳ ಗುರುತು! ಒತ್ತಿದಳು. ಬೆಣ್ಣೆ!

ಚೀಲವನ್ನೂ ಇಳಿಸದೆ ಬೈಕಿನ ಪಕ್ಕದಲ್ಲೇ ಕಾದು ನಿಂತಳು. ಅಮ್ಮ ಕೆಲಸದಿಂದ ಬಂದಳು. ಸ್ವಲ್ಪ ಹೊತ್ತಿಗೆ ಗೇಟು ಕಿರ್ರೆಂದು, ಅಂಕಲ್ ಒಳಗೆ ಬಂದರು. ಕಪ್ಪು ಪ್ಯಾಂಟಿನ ಪಕ್ಕದಲ್ಲಿ, ಕೈ ಒರೆಸಿಕೊಂಡ ಜಾಗದಲ್ಲಿ, ಬಿಳಿ ಗೀರುಗಳು.

ಜೀರುಂಡೆ ಅಡ್ಡ ನಿಂತಳು. "ಅಂಕಲ್, ನಿಮ್ಮ ಪ್ಯಾಂಟಿಗೆ ಸೀಮೆಸುಣ್ಣ ಹೇಗಾಯ್ತು?"

ಅವರು ಬಗ್ಗಿ ನೋಡಿಕೊಂಡರು. "ಎಲ್ಲೋ ತಾಗಿರ್ಬೇಕು..."

"ಎಲ್ಲೋ ಅಲ್ಲ, ಇಲ್ಲಿ! ಲಿವರಿಗೆ ಹಚ್ಚಿದ್ದು ನಾನೇ. ನೀವೇ ದಿನಾ ನಮ್ಮ ಬ್ರೇಕ್ ಕೆಡಿಸ್ತಿರೋದು!"

"ಏನೇ ಅದು ಮಾತು!" ಅಮ್ಮ ಗದರಿದಳು. ಆದರೆ ಅವಳ ಕಣ್ಣೂ ಆ ಬಿಳಿ ಗೀರುಗಳ ಮೇಲೇ ಇತ್ತು.

ಅಂಕಲ್ ಮುಖ ಕೆಂಪಾಯಿತು. "ಕೆಡಿಸಿಲ್ಲ ಪುಟ್ಟಾ. ಆದ್ರೆ ಒತ್ತಿದ್ದು ನಿಜ. ಮಧ್ಯಾಹ್ನ ಕೆಲಸಕ್ಕೆ ಹೋಗ್ತಾ ದಿನಾ ಒಂದ್ಸಲ ಒತ್ತಿ ನೋಡ್ತೀನಿ."

"ಯಾಕೆ?"

ಅವರು ಕ್ಯಾಲಿಪರುಗಳತ್ತ ಬೆರಳು ತೋರಿಸಿದರು. "ಕೊಟ್ಟಾಗಿಂದ ಒಂದೇ ಯೋಚನೆ. ನಾನು ಬಿದ್ದಾಗ ಇವಕ್ಕೂ ಒಳಗೆ ಏಟಾಗಿದ್ರೆ? ನಿಮ್ಮಮ್ಮ ನಿನ್ನ ಕೂರಿಸ್ಕೊಂಡು ಹೋಗ್ತಾರೆ. ಒತ್ತಿದ್ರೆ ಮೆತ್ತಗೆ ಬರ್ತಿತ್ತು. ಹಾಕ್ಕೋಬೇಡಿ ಅನ್ನೋಣ ಅಂದ್ರೆ, ಕೊಟ್ಟಿದ್ದನ್ನ ವಾಪಸ್ ಕೇಳಿದ ಹಾಗಾಗುತ್ತೆ..."

ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯೋ ದೇವರೇ. ನನಗೂ ನಿಮ್ಮ ಕ್ಯಾಲಿಪರ್ ಮೇಲೇ ಡೌಟು. ಕೇಳಿದ್ರೆ ಬೇಜಾರಾಗ್ತೀರಿ ಅಂತ ನಾನು ಬಾಯಿ ಮುಚ್ಕೊಂಡಿದ್ದೆ."

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೆಮ್ಮಿ, ಒಳಗೆ ಏನೋ ಕೆಲಸವಿರುವಂತೆ ಹೊರಟುಹೋದರು.

"ನನ್ನ ಕಾಲು ಮಡಚೋಕೆ ಬರಲ್ಲ" ಎಂದರು ಅಂಕಲ್. "ಪುಟ್ಟಾ, ಬಗ್ಗಿ ಆ ಗಾಳಿ ತೆಗೆಯೋ ಸ್ಕ್ರೂ ನೋಡ್ತೀಯಾ? ಆಯಿಲ್ ಸೋರ್ತಿದ್ಯಾ?"

ಜೀರುಂಡೆ ಮುಖ ಊದಿಸಿಕೊಂಡೇ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಎಲ್ಲಿ, ಕೆಳಗಿರೋದಾ? ಸೋರ್ತಿಲ್ಲ."

"ಕೆಳಗಾ? ಮೇಲಿರ್ಬೇಕಲ್ಲ?"

"ಈ ಕಡೆದೂ ಕೆಳಗೇ ಇದೆ..." ಎಂದ ಜೀರುಂಡೆ ನಿಲ್ಲಿಸಿದಳು. ಚೀಲದಿಂದ ನೀರಿನ ಬಾಟಲಿ ತೆಗೆದು ತಲೆಕೆಳಗು ಮಾಡಿದಳು. ಗುಳ್ಳೆ ಗುಳುಕ್ಕೆಂದು ಮೇಲೆ ಹೋಯಿತು. ಮತ್ತೆ ತಿರುಗಿಸಿದಳು. ಮತ್ತೆ ಮೇಲೆ. "ಅಮ್ಮಾ, ಬಾಗಿಲು ಕೆಳಗಿದೆ. ಗಾಳಿ ಮೇಲೆ ಕೂತಿದೆ. ಹೇಗೆ ಆಚೆ ಹೋಗುತ್ತೆ?"

ಅಮ್ಮ ಹಣೆ ಚಚ್ಚಿಕೊಂಡಳು. "ಎಡಗಡೆದನ್ನ ಬಲಕ್ಕೆ, ಬಲಗಡೆದನ್ನ ಎಡಕ್ಕೆ ಹಾಕಿದ್ದೀನಿ! ಹಳೇ ಕ್ಯಾಲಿಪರ್ ತಪ್ಪಾಗಿ ಇಟ್ರೆ ಕೂರ್ತಾನೇ ಇರ್ಲಿಲ್ಲ. ಇವು ಎರಡೂ ಕಡೆ ಕೂರುತ್ವೆ. ಅದಕ್ಕೇ ಗೊತ್ತಾಗಿಲ್ಲ. ಕಟ್ಟಿಟ್ರೆ ಗಾಳಿ ಅಮುಕಿಕೊಂಡು ಸುಮ್ನಿರುತ್ತೆ, ಬಿಚ್ಚಿದ್ರೆ ಸಂಜೆ ಹೊತ್ತಿಗೆ ಮತ್ತೆ ಊದಿಕೊಳ್ಳುತ್ತೆ!"

"ಆದ್ರೆ ನಾನು ಗುರುತಿಗೆ ಟೇಪ್ ಸುತ್ತಿದ್ನಲ್ಲ ಮೇಡಂ? ಬಲಗಡೆದಕ್ಕೆ ಕೆಂಪು, ಎಡಗಡೆದಕ್ಕೆ ನೀಲಿ."

"ಟೇಪಾ? ಯಾವ ಟೇಪು?"

ಜೀರುಂಡೆಯ ಕಿವಿ ಬಿಸಿಯಾಯಿತು. ಚೀಲ ಇದ್ದಕ್ಕಿದ್ದಂತೆ ಭಾರವಾದ ಹಾಗಿತ್ತು. ಅವಳು ಚೀಲದ ಜಿಪ್ ಎಳೆದಳು. ಕಂಪಾಸ್ ಬಾಕ್ಸ್ ಹೊರತೆಗೆದು ಬೈಕಿನ ಸೀಟಿನ ಮೇಲೆ ಇಟ್ಟಳು. ಮುಚ್ಚಳದ ಮೇಲೆ ಒಂದು ಕೆಂಪು ಪಟ್ಟಿ, ಒಂದು ನೀಲಿ ಪಟ್ಟಿ.

ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ರಜೆಯ ದಿನ ಕ್ಯಾಲಿಪರುಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಅಂಕಲ್ ಸ್ಟೂಲಿನ ಮೇಲೆ ಕೂತು ಲಿವರ್ ಒತ್ತಿದರು. ಅಮ್ಮ ಸ್ಕ್ರೂ ತೆಗೆದಳು. ಜೀರುಂಡೆ ಹಿಡಿದ ಬಾಟಲಿಯೊಳಗೆ ಇಷ್ಟು ದಿನ ಒಳಗೇ ಕೂತಿದ್ದ ಗಾಳಿ ಬುಳುಬುಳು ಅಂತ ಬಂದು ಒಡೆಯಿತು. ಆಮೇಲೆ ಲಿವರ್ ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಟ್ಯೂಬ್ ಕಟ್ಟಲಿಲ್ಲ. ಬೆಳಗ್ಗೆಯೂ ಕಲ್ಲು, ಸಂಜೆಯೂ ಕಲ್ಲು. ಅಮ್ಮ ಗ್ಯಾರೇಜಿನವನಿಗೆ ಫೋನ್ ಮಾಡಿ "ಇಲ್ಲಪ್ಪ, ಕೊಡಲ್ಲ" ಎಂದಳು. ಮೊದಲು ಒಬ್ಬಳೇ ನಿಧಾನವಾಗಿ ಗಲ್ಲಿ ಸುತ್ತಿ, ಮತ್ತೆ ಮತ್ತೆ ಬ್ರೇಕ್ ಹಿಡಿದು ನೋಡಿಬಂದಳು.

ಭಾನುವಾರ ಬೆಳಗ್ಗೆ ಜೀರುಂಡೆ ದೊಡ್ಡ ಹೆಲ್ಮೆಟ್ ಹಾಕಿಕೊಂಡು ಬೈಕಿನ ಪಕ್ಕ ನಿಂತಿದ್ದಳು. ಅಮ್ಮ ಒಳಗೆ ಶೂ ಕಟ್ಟುತ್ತಿದ್ದಳು. ಮೆಟ್ಟಿಲ ಮೇಲೆ ಕುಂಟು ಹೆಜ್ಜೆಯ ಸದ್ದಾಯಿತು. ಅಂಕಲ್ ಕೆಳಗೆ ಬಂದು, ಬೈಕನ್ನು ನೋಡಿ ನಕ್ಕರು. ಆದರೆ ದೂರದಲ್ಲೇ ನಿಂತರು. ಎರಡೂ ಕೈ ಜೇಬಿನೊಳಗಿದ್ದವು.

ಮೊದಲೆಲ್ಲ ಹೀಗೆ ದೂರ ನಿಲ್ಲುತ್ತಿರಲಿಲ್ಲ. ಜೀರುಂಡೆ ಆ ಜೇಬುಗಳನ್ನೇ ನೋಡಿದಳು. ಆಮೇಲೆ ಲಿವರ್ ನೋಡಿದಳು. ಅದರ ಸಂದಿಯಲ್ಲಿ ಇನ್ನೂ ಒಂದಿಷ್ಟು ಬಿಳಿ ಪುಡಿ ಉಳಿದಿತ್ತು.

ಅವಳು ತೋಳಿನ ಬಟ್ಟೆ ಎಳೆದುಕೊಂಡು ಸಂದಿಯೊಳಗೆಲ್ಲ ಒರೆಸಿದಳು. ಪೂರ್ತಿ ಹೋಗುವವರೆಗೂ ಒರೆಸಿದಳು.

"ಅಂಕಲ್," ಎಂದಳು, "ಇವತ್ತು ಒತ್ತಿ ನೋಡಲ್ವಾ?"